ಒಂದೇ ಲಕ್ಷಣ ಸಾಕು

“ಬಿದ್ದದ್ದಲ್ಲ ಮೇಡಂ, ತಳ್ಳಿದ್ದು. ಇನ್ನೆಷ್ಟು ಸಲ ಹೇಳ್ಲಿ?”

ಟೈಲರಮ್ಮ ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಅವಳ ಮುಂದೆ ಆಸ್ಪತ್ರೆಯ ದಿಂಬಿನ ಚೀಲಗಳ ಗುಡ್ಡೆ. ಬಾಗಿಲ ಹೊರಗೆ ಕೀಲಿಗೊಂಚಲು ಹಿಡಿದ ವಾರ್ಡ್ ಸಿಸ್ಟರ್ ಆಕಳಿಸುತ್ತ ನಿಂತಿದ್ದಳು.

“ಇನ್ನೊಂದೇ ಒಂದು ಸಲ,” ಎಂದಳು ಉಡ. “ಆಮೇಲೆ ನಿನ್ನ ಬಾಯಿಗೆ ರಜೆ.”

ಉಡ ಅವಳಿಗೆ ಕಳ್ಳರು ಇಟ್ಟ ಹೆಸರು. ಪೊಲೀಸ್ ಇಲಾಖೆಯಲ್ಲಿದ್ದಾಗ ಬಿದ್ದದ್ದು, ಕೆಲಸ ಬಿಟ್ಟು ಖಾಸಗಿ ಪತ್ತೇದಾರಳಾದ ಮೇಲೂ ಬೆನ್ನಿಗೇ ಬಂತು. ಒಮ್ಮೆ ಕಚ್ಚಿ ಹಿಡಿದರೆ ಗೋಡೆ ಕಿತ್ತು ಬಂದರೂ ಬಿಡುವವಳಲ್ಲ ಅಂತ. ಅವಳಿಗೂ ಅದರ ಮೇಲೆ ಪ್ರೀತಿ. ಅಪ್ಪ ಅಮ್ಮ ಇಟ್ಟ ಹೆಸರು ಪುಕ್ಕಟೆ ಸಿಕ್ಕಿದ್ದು, ಇದು ದುಡಿದು ಗಳಿಸಿದ್ದು ಎನ್ನುತ್ತಿದ್ದಳು.

ಈ ಮಾನಸಿಕ ಆಸ್ಪತ್ರೆಯ ದೊಡ್ಡ ಡಾಕ್ಟರು ಹೋದ ವಾರ ಎದುರಿನ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದರು. ಕಾಲು ಜಾರಿತು ಎಂದು ಪೊಲೀಸರು ಕೈ ತೊಳೆದುಕೊಂಡರು. ಡಾಕ್ಟರ ಮಗಳು ಒಪ್ಪಲಿಲ್ಲ, ನೇರ ಉಡಳ ಬಾಗಿಲು ತಟ್ಟಿದಳು. ಕಣ್ಣಾರೆ ಕಂಡವಳು ಒಬ್ಬಳೇ. ಅವಳೂ ಒಳರೋಗಿ.

ಟೈಲರಮ್ಮ ನಿಟ್ಟುಸಿರು ಬಿಟ್ಟಳು. “ಮೊದಲು ದಾರ ತುಂಡಾಯ್ತು. ಬಿಳಿ ದಾರ. ಅಲ್ಲ, ತಡೀರಿ, ಅದಕ್ಕೂ ಮುಂಚೆ ಅವರು ಕೆಮ್ಮಿದ್ರು. ದೊಡ್ಡ ಡಾಕ್ಟರು ಮೆಟ್ಟಿಲಿಳಿಯುವಾಗ ಯಾವಾಗ್ಲೂ ಕೆಮ್ತಿದ್ರು, ಬರ್ತಿದ್ದೀನಿ ಅಂತ ಎಲ್ರಿಗೂ ಗೊತ್ತಾಗ್ಲಿ ಅಂತ. ನಾನು ಸೂಜಿಗೆ ದಾರ ಪೋಣಿಸೋಕೆ ಬೆಳಕಿಗೆ ತಿರುಗಿದೆ. ಆಗ ಆ ಗಾಜಲ್ಲಿ ಕಾಣಿಸ್ತು.”

ಕಿಟಕಿಯ ಗಾಜಿಗೆಲ್ಲ ಬಿಳಿ ಬಣ್ಣ ಬಳಿದಿತ್ತು. ಒಂದು ಚೌಕ ಮಾತ್ರ ಯಾವತ್ತೋ ಒಡೆದು ಹೊಸ ಗಾಜು ಬಂದಿತ್ತು. ಅದಕ್ಕೆ ಬಣ್ಣ ಬಳಿಯುವುದು ಯಾರಿಗೂ ನೆನಪಾಗಿರಲಿಲ್ಲ. ಉಡ ಟೈಲರಮ್ಮನನ್ನು ಎಬ್ಬಿಸಿ ಅವಳ ಸ್ಟೂಲಿನ ಮೇಲೆ ತಾನೇ ಕೂತು ಕಣ್ಣಿಟ್ಟಳು. ಮೆಟ್ಟಿಲ ತಿರುವು ಕಂಡಿತು. ಅಲ್ಲಿ ನಿಂತವರ ಬೆನ್ನು ಕಾಣಬಹುದು, ಹಿಂದಿನಿಂದ ಚಾಚಿದ ಕೈ ಕಾಣಬಹುದು. ಕೈಯ ಒಡೆಯನ ಮುಖ? ಊಹೂಂ.

“ಕೈ ಹೇಗಿತ್ತು?”

“ಕೈ ಹೇಗಿರುತ್ತೆ ಮೇಡಂ? ಕೈ ಥರಾನೇ ಇತ್ತು.”

“ಗಂಡಸಿನದ್ದಾ?”

“ಗಂಡಸಿನದ್ದೇ. ನೋಡಿದ್ರೆ ಥಟ್ಟಂತ ಗುರುತು ಹಿಡೀತೀನಿ. ವರ್ಣನೆ ಮಾಡು ಅಂದ್ರೆ ಬರಲ್ಲ. ನಿಮ್ಮಮ್ಮನ ನಡಿಗೆ ಹೇಗಿತ್ತು ಅಂತ ಬಾಯಲ್ಲಿ ಹೇಳಿ ನೋಡೋಣ?”

ಉಡ ಎದ್ದು ಎರಡು ಹೆಜ್ಜೆ ನಡೆದು ತೋರಿಸಿದಳು.

“ನೋಡಿದ್ರಾ?” ಟೈಲರಮ್ಮ ಗೆದ್ದವಳ ಹಾಗೆ ನಕ್ಕಳು.

ಆ ನಗುವೇ ಉಡಳಿಗೆ ಬೇಕಿದ್ದದ್ದು. ಇಲಾಖೆಯಲ್ಲಿದ್ದಾಗ ಸಾವಿರ ಸಾಕ್ಷಿಗಳ ಬಾಯಿ ನೋಡಿದವಳು ಅವಳು. ನಿಜ ಹೇಳುವವರು ಹಿಂದುಮುಂದಾಗಿ ಹೇಳುತ್ತಾರೆ, ಮಧ್ಯೆ ತಡೆಯುತ್ತಾರೆ, ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ.

“ನಿನ್ನಮ್ಮ ಈಗಲೂ ಕರೀತಾಳಾ?” ಎಂದು ಕೇಳಿದಳು.

“ಸಂಜೆ ಹೊತ್ತು. ‘ಏಯ್, ಒಣಗಿದ ಬಟ್ಟೆ ತಗೊಂಡ್ ಬಾರೆ’ ಅಂತ. ಅಮ್ಮ ಇಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ಗೊತ್ತಿದ್ರೂ ಎದ್ದು ಹೋಗ್ತೀನಿ. ತಪ್ಪಾ?”

“ಬಟ್ಟೆ ಒಣಗಿದ್ರೆ ತಪ್ಪೇನಿಲ್ಲ.”

ಅಮ್ಮ ಹೋದ ಮೇಲೆ ಊಟ ಬಿಟ್ಟು, ಕೆಲಸ ಬಿಟ್ಟು ಕೂತವಳನ್ನು ಅಣ್ಣ ಇಲ್ಲಿಗೆ ಸೇರಿಸಿದ್ದ. ದುಃಖ ಅಷ್ಟೇ, ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ದೊಡ್ಡ ಡಾಕ್ಟರೇ ಹೇಳಿದ್ದರು. ಆದರೆ ಮೊನ್ನೆ ಅದೇ ಅಣ್ಣ ಬಂದು ಪರಿಶೀಲನಾ ಮಂಡಳಿಗೆ ಹೊಸ ಹೇಳಿಕೆ ಕೊಟ್ಟು ಹೋಗಿದ್ದ: ತಂಗಿಗೆ ಎರಡು ದನಿ ಕೇಳಿಸುತ್ತವೆ, ಅವು ಅವಳ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ನಾಳೆ ಬೆಳಗ್ಗೆ ಮಂಡಳಿ ಕೂರುತ್ತದೆ. ದೊಡ್ಡ ಕಾಯಿಲೆಯ ಹೆಸರು ಬಿತ್ತೋ, ಟೈಲರಮ್ಮ ಇಲ್ಲೇ ಕೊಳೆಯುತ್ತಾಳೆ, ಅವಳ ಸಾಕ್ಷಿ ಕಸದ ಬುಟ್ಟಿಗೆ ಹೋಗುತ್ತದೆ.

ಸಾಕ್ಷಿಯ ಬಾಯಿ ಮುಚ್ಚಿಸಲು ಚಾಕು ಬೇಕಾಗಿಲ್ಲ. ಹಣೆಪಟ್ಟಿ ಅಂಟಿಸಿದರಾಯಿತು. ಆಮೇಲೆ ಅವಳು ಏನು ಕೂಗಿದರೂ ಅದು ಕಾಯಿಲೆಯ ಕೂಗು.

“ನಾಳೆ ಏನಾಗುತ್ತೆ ಮೇಡಂ?”

“ನಾಳೆ ನೀನು ಮನೆಗೆ ಹೋಗ್ತೀಯ.”

“ಗ್ಯಾರಂಟೀನಾ?”

“ನನ್ನನ್ನ ಏನಂತಾರೆ?”

“ಉಡ ಅಂತಾರೆ.”

“ಮತ್ತೆ?”

*

ಮೇಷ್ಟ್ರ ಮನೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ ಇತ್ತು. ಸತ್ತ ದೊಡ್ಡ ಡಾಕ್ಟರಿಗೂ ಅವರ ಜಾಗಕ್ಕೆ ಬಂದ ಚಿಕ್ಕ ಡಾಕ್ಟರಿಗೂ ಪಾಠ ಹೇಳಿದವರು ಇವರೇ. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ನಿಜವಾದ ಕರಿಹಲಗೆಯೊಂದು ಗೋಡೆ ತುಂಬ ನಿಂತಿತ್ತು. ಪಾಠ ಕೇಳುವವರು ಯಾರೂ ಇರಲಿಲ್ಲ.

“ಬಾಮ್ಮ, ಕೂತ್ಕೋ. ಆ ಕುರ್ಚಿ ಬೇಡ. ಅದರ ಕಾಲಿಗೂ ನನ್ನ ಕಾಲಿಗೂ ಒಂದೇ ವಯಸ್ಸು.”

ಉಡ ಕಿಟಕಿಯ ಕಟ್ಟೆಯ ಮೇಲೆ ಕೂತಳು. “ಸಾರ್, ನಂಗೊಂದು ಪಾಠ ಮಾಡಿ. ಜ್ವರ ಅಂದ್ರೆ ಥರ್ಮಾಮೀಟರ್ ಇದೆ. ಮೂಳೆ ಮುರಿದ್ರೆ ಎಕ್ಸರೇ ಇದೆ. ಮನಸ್ಸು ಕೆಟ್ಟಿದೆ ಅಂತ ಯಾವುದರಲ್ಲಿ ಅಳೀತೀರಿ?”

ಮೇಷ್ಟ್ರ ಮುಖ ಅರಳಿತು. ಪಾಠ ಎಂದರೆ ಅವರು ಊಟ ಬಿಟ್ಟು ಎದ್ದು ಬರುವವರು.

“ಪುಸ್ತಕದಲ್ಲಿ,” ಎಂದು ಹಲಗೆಯ ಮುಂದೆ ನಿಂತರು. “ಒಂದು ಕಾಲದಲ್ಲಿ ಒಬ್ಬನೇ ರೋಗೀನ ನಾಲ್ಕು ಡಾಕ್ಟರ ಹತ್ರ ಕಳಿಸಿದ್ರೆ ನಾಲ್ಕು ಕಾಯಿಲೆ ಹೊತ್ಕೊಂಡು ಬರೋನು. ಅದಕ್ಕೆ ದೊಡ್ಡೋರೆಲ್ಲ ಕೂತು ವರ್ಗ ಮಾಡಿದ್ರು. ಈ ಕಾಯಿಲೆಗೆ ಇಂಥಿಂಥ ಲಕ್ಷಣ. ಅದರಲ್ಲಿ ಇಷ್ಟಾದ್ರೂ ಇರಬೇಕು. ಇಷ್ಟು ಕಾಲ ಇರಬೇಕು. ಕೆಲಸ ಕೆಟ್ಟಿರಬೇಕು. ಕುಡಿತದಿಂದ ಬಂದದ್ದಲ್ಲ ಅಂತ ಖಾತ್ರಿ ಆಗಬೇಕು. ಎಲ್ಲ ತಾಳೆಯಾದ್ರೆ ಅದಕ್ಕೊಂದು ಸಂಖ್ಯೆ. ಆ ಸಂಖ್ಯೆ ಹೇಳಿದ್ರೆ ಸಮುದ್ರದಾಚೆಯ ಡಾಕ್ಟರಿಗೂ ಅರ್ಥವಾಗುತ್ತೆ.”

“ಅಂಗಡಿ ಸಾಮಾನಿನ ಥರ.”

“ಗ್ರಂಥಾಲಯದ ಥರ ಅನ್ನು ತಾಯಿ, ಸ್ವಲ್ಪ ಮರ್ಯಾದೆ ಇರುತ್ತೆ.”

ಇಬ್ಬರೂ ನಕ್ಕರು. ಉಡಳಿಗೆ ಈ ಮುದುಕರು ಹಿಡಿಸಿದ್ದರು. ಓದಿದವರ ಜತೆ ಮಾತಾಡುವಾಗ ಅವಳಿಗೆ ಕತ್ತಿನ ಪಟ್ಟಿ ಬಿಗಿದ ಹಾಗಾಗುತ್ತಿತ್ತು. ಇವರ ಮುಂದೆ ಹಾಗಿರಲಿಲ್ಲ.

“ಟೈಲರಮ್ಮನ ಅಣ್ಣ ಹೇಳಿದ್ದು ನಿಜ ಅಂತಾದ್ರೆ?”

“ಎರಡು ದನಿ ಒಂದಕ್ಕೊಂದು ಮಾತಾಡ್ತವೆ ಅಂತಲಾ? ಹಾಗಿದ್ರೆ ಮುಗೀತು. ಉಳಿದ ಲಕ್ಷಣ ಎಣಿಸ್ತಾ ಕೂರೋದೇ ಬೇಡ. ಅದು ಒಂದೇ ಸಾಕು.” ಬೆರಳೆತ್ತಿ ಹಲಗೆಗೆ ಮೆಲ್ಲಗೆ ಕುಟ್ಟಿದರು. ಆಮೇಲೆ ಹೆಬ್ಬೆರಳನ್ನು ಉಳಿದ ಬೆರಳ ತುದಿಗಳಿಗೆ ಒಂದೊಂದಾಗಿ ಉಜ್ಜಿದರು, ಸೀಮೆಸುಣ್ಣದ ಪುಡಿ ಉದುರಿಸುವವರ ಹಾಗೆ. ಕೈಯಲ್ಲಿ ಸೀಮೆಸುಣ್ಣ ಇರಲಿಲ್ಲ. ಜೀವನವೆಲ್ಲ ಹಲಗೆಯ ಮುಂದೆ ಕಳೆದ ಕೈಗೆ ಅಭ್ಯಾಸ ಬಿಟ್ಟಿರಲಿಲ್ಲ, ಅಷ್ಟೇ.

“ಆ ಅಣ್ಣನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಸಾರ್. ಯಾರು ಅಂತಾನೂ ನಂಗೆ ಗೊತ್ತು.”

“ಯಾರು?”

“ಸತ್ತವರ ಕುರ್ಚಿ ಯಾರಿಗೆ ಸಿಕ್ತು? ಸಾಯೋ ಹಿಂದಿನ ದಿನ ಅವರ ಜತೆ ಕಚ್ಚಾಡಿದ್ದು ಯಾರು?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಚಿಕ್ಕ ಡಾಕ್ಟರಾ? ನನ್ನ ಶಿಷ್ಯ ಅಮ್ಮ ಅವನು.”

“ಶಿಷ್ಯರು ಕೊಲೆ ಮಾಡಬಾರದು ಅಂತ ನಿಮ್ಮ ಪುಸ್ತಕದಲ್ಲಿದೆಯಾ? ಕೇಳಿ ಸಾರ್. ಟೈಲರಮ್ಮ ಮುಖ ನೋಡಿಲ್ಲ, ಕೈ ನೋಡಿದ್ದಾಳೆ. ಎದುರಿಗೆ ಬಂದ್ರೆ ಆ ಕೈ ಗುರುತು ಹಿಡೀತೀನಿ ಅಂತಾಳೆ. ಈ ಮಾತು ಚಿಕ್ಕ ಡಾಕ್ಟರ ಕಿವಿಗೆ ಬಿದ್ರೆ ನಾಳೆ ಬೆಳಗಿನ ತನಕ ಅವಳು ಇರ್ತಾಳಾ? ವಾರ್ಡೆಲ್ಲ ಅವರ ಮುಷ್ಟೀಲಿದೆ. ಅವಳನ್ನ ಇವತ್ತು ಸಂಜೆನೇ ನಿಮ್ಮ ಮನೆಗೆ ಕರೆಸ್ಕೊಳ್ಳಿ.”

“ಬೇಡಮ್ಮ. ನಾಳೆ ತೀರ್ಮಾನ ಹೇಳೋನು ಇವತ್ತು ಮನೇಲಿ ಇಟ್ಕೊಂಡ್ರೆ ಜನ ಏನಂತಾರೆ?”

“ಪರೀಕ್ಷೆ ಮಾಡೋಕೆ ಕರೆಸಿದ್ದೀನಿ ಅನ್ನಿ. ಅಧ್ಯಕ್ಷರಿಗೆ ಆ ಅಧಿಕಾರ ಇದೆಯಲ್ಲ. ಸಿಸ್ಟರಿಗೆ ನಾನೇ ಹೇಳಿ ಹೋಗ್ತೀನಿ.”

ಮುದುಕರು ಕನ್ನಡಕ ಮತ್ತೆ ಏರಿಸಿಕೊಂಡರು.

“ನೀನು ಬಿಡೋಳಲ್ಲ,” ಎಂದರು ಕೊನೆಗೆ.

“ಅದಕ್ಕೇ ಆ ಹೆಸರು ಸಾರ್.”

*

ಚಿಕ್ಕ ಡಾಕ್ಟರ ಕೋಣೆಯಲ್ಲಿ ಕಡತಗಳು ನೆಲದಿಂದ ಮೇಜಿನೆತ್ತರಕ್ಕೆ ಏರಿದ್ದವು. ಮನುಷ್ಯ ಮಾತ್ರ ಕಡ್ಡಿಯಂತಿದ್ದ. ಉಡ ಕೂರುವ ಮೊದಲೇ ಬಾಣ ಬಿಟ್ಟ.

“ನಾನೇ ತಳ್ಳಿದೆ ಅಂತ ತಾನೆ ನಿಮ್ಮ ಲೆಕ್ಕ?”

“ಲೆಕ್ಕ ತಪ್ಪಿದ್ರೆ ತಿದ್ದಿ.”

“ಜಗಳ ಆಡಿದ್ದು ನಿಜ. ಯಾಕೆ ಅಂತ ಕೇಳಿದ್ರಾ ಯಾರನ್ನಾದ್ರೂ?” ಅವನು ಒಂದು ಗುಡ್ಡೆಯ ಮೇಲೆ ಅಂಗೈ ಬಡಿದ. ಧೂಳೆದ್ದಿತು. “ಇವರೆಲ್ಲ ಹಿಂದಿನ ಕಟ್ಟಡದ ಹಳೇ ರೋಗಿಗಳು. ಬಂದಾಗ ಕೂದಲು ಕಪ್ಪಿತ್ತು, ಈಗ ಬೆಳ್ಳಗಾಗಿದೆ. ದೊಡ್ಡ ಡಾಕ್ಟರು, ನಾನು, ಇಬ್ಬರೂ ಸೇರಿ ಒಬ್ಬೊಬ್ಬರನ್ನೇ ಹೊಸ ಪುಸ್ತಕದ ಪ್ರಕಾರ ಮತ್ತೆ ನೋಡ್ತಿದ್ವಿ. ಎಷ್ಟೋ ಜನರಿಗೆ ಹಾಕಿದ ಹೆಸರು ನಿಲ್ಲೋದೇ ಇಲ್ಲ. ತಕ್ಷಣ ಹೊರಗೆ ಹೇಳಿಬಿಡೋಣ ಅಂತ ಅವರು, ಪೂರ್ತಿ ಮುಗಿಸಿ ಹೇಳೋಣ ಅಂತ ನಾನು. ಅದಕ್ಕೆ ಕೂಗಾಡಿದ್ವಿ.”

“ಹೆಸರು ಯಾಕೆ ನಿಲ್ಲಲ್ಲ?”

“ಹಳೇ ಪುಸ್ತಕದಲ್ಲಿ ಕೆಲವು ಲಕ್ಷಣಕ್ಕೆ ವಿಶೇಷ ಮರ್ಯಾದೆ ಇತ್ತು. ದನಿಗಳು ಒಂದಕ್ಕೊಂದು ಮಾತಾಡ್ತವೆ ಅಂದ್ರೆ ಬೇರೇನೂ ನೋಡಬೇಕಾಗಿರಲಿಲ್ಲ. ಹೊಸದರಲ್ಲಿ ಆ ಮರ್ಯಾದೆ ತೆಗೆದ್ರು. ಏನೇ ಇರಲಿ, ಒಂದು ಸಾಲದು. ಎರಡಾದ್ರೂ ಬೇಕು.”

ಉಡಳ ಹುಬ್ಬು ಮೇಲಕ್ಕೆ ಹೋಯಿತು. “ಪುಸ್ತಕ ಬದಲಾದ್ರೆ ಕಾಯಿಲೆನೂ ಬದಲಾಗುತ್ತಾ?”

“ಕಾಯಿಲೆ ಅಲ್ಲೇ ಇರುತ್ತೆ. ನಾವು ಗೀಟು ಎಳೆಯೋ ಜಾಗ ಬದಲಾಗುತ್ತೆ.” ಅವನು ಮೊದಲ ಬಾರಿ ದನಿ ತಗ್ಗಿಸಿದ. “ಹೊಸದೇನೂ ದೇವರು ಬರೆದದ್ದಲ್ಲ. ಹೆಚ್ಚು ಕಾಲ ಅತ್ತರೆ ದುಃಖಕ್ಕೂ ಅದರಲ್ಲಿ ಒಂದು ಸಂಖ್ಯೆ ಇದೆ. ಆದ್ರೆ ಪುಸ್ತಕ ತಿದ್ದಬಹುದು ಅನ್ನೋದೇ ಅದರ ಒಳ್ಳೇ ಗುಣ. ಒಳಗೆ ಕೂತವರ ಜೀವನ ತಿದ್ದೋಕಾಗಲ್ಲ.”

“ಹಾಗಾದ್ರೆ ಟೈಲರಮ್ಮನ ಅಣ್ಣನ ಹೇಳಿಕೆ?”

“ಅದರಲ್ಲಿ ಇರೋದು ಒಂದೇ ಲಕ್ಷಣ. ಕತ್ತೆಗೂ ಗೊತ್ತಾಗುತ್ತೆ, ಸಾಲದು. ನಾಳೆ ನಾನೇ ಎದ್ದು ಹೇಳ್ತೀನಿ, ಈ ಹೆಂಗಸನ್ನ ಮನೆಗೆ ಕಳಿಸಿ ಅಂತ.”

ಬಣ್ಣದ ಮಾತು, ಎಂದುಕೊಂಡಳು ಉಡ ಹೊರಗೆ ಬರುತ್ತ. ಒಂದೇ ಸಾಕು ಎಂದು ಬೆಳಗ್ಗೆ ಮೇಷ್ಟ್ರು ಬಾಯಿಬಿಟ್ಟು ಹೇಳಿದ್ದಾರೆ. ಸಾಲದು ಎಂದು ಈ ಕಡ್ಡಿ ಹೇಳುತ್ತಾನೆ. ಇಬ್ಬರಲ್ಲಿ ಒಬ್ಬರದು ಸುಳ್ಳು. ಯಾರದೆಂದು ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹೋಗುತ್ತ ಹೆಂಗಸರ ವಾರ್ಡಿನ ಮುಂದೆ ನಿಂತು ಸಿಸ್ಟರಿಗೆ ಖಡಾಖಂಡಿತವಾಗಿ ಹೇಳಿದಳು:

“ಸಂಜೆ ಮೇಷ್ಟ್ರು ಕರೆಸ್ಕೋತಾರೆ. ಅವರ ಕೈಗೆ ಮಾತ್ರ ಕಳಿಸಬೇಕು. ಚಿಕ್ಕ ಡಾಕ್ಟರು ಬಂದು ತಲೆಕೆಳಗಾಗಿ ನಿಂತ್ರೂ ಕೊಡಬೇಡಿ.”

*

ಅಣ್ಣನದು ಗಾಜಿನ ಅಂಗಡಿ. ಗೋಡೆಗೆ ಒರಗಿದ ಕನ್ನಡಿಗಳಲ್ಲಿ ಉಡ ಏಳೆಂಟು ಕಡೆಯಿಂದ ಏಕಕಾಲಕ್ಕೆ ಒಳಗೆ ಬಂದಳು. ಅವನು ಮೇಜಿನ ಮೇಲೆ ದೊಡ್ಡ ಕನ್ನಡಿಯೊಂದನ್ನು ಮಲಗಿಸಿ, ಅಳತೆಪಟ್ಟಿಯ ಅಂಚಿಗೆ ವಜ್ರದ ಮೊನೆಯಿಟ್ಟು ಗೀರು ಎಳೆಯುತ್ತಿದ್ದ. ಕಿರ್‌ರ್ ಎನ್ನುವ ಸದ್ದು ಹಲ್ಲಿನ ಬೇರಿಗೆ ತಾಗಿತು.

“ಎಲ್ಲ ಮಂಡಳಿಗೆ ಹೇಳಿದ್ದೀನಲ್ಲ,” ಎಂದ ತಲೆಯೆತ್ತದೆ.

“ನಂಗೂ ಹೇಳಿ. ನಾನೇನು ಪಾಪ ಮಾಡಿದ್ದೀನಿ?”

ಅವನು ಮೊನೆ ಕೆಳಗಿಟ್ಟ. ನೆಟ್ಟಗೆ ನಿಂತ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟ. ಅದನ್ನು ಕಂಡೇ ಉಡಳ ಕಿವಿ ನಿಮಿರಿತು. ದೊಡ್ಡವರು ತಂಗಿಯ ಬಗ್ಗೆ ಮಾತಾಡಲು ಹೀಗೆ ನಿಲ್ಲುವುದಿಲ್ಲ. ಮಗ್ಗಿ ಒಪ್ಪಿಸುವ ಮಕ್ಕಳು ನಿಲ್ಲುತ್ತಾರೆ.

“ಅವಳಿಗೆ ಎರಡು ದನಿ ಕೇಳುತ್ತೆ. ಅವು ಅವಳ ಬಗ್ಗೆ ಒಂದಕ್ಕೊಂದು ಮಾತಾಡ್ತವೆ. ಒಂದು ತಿಂಗಳಿಂದ ಬಿಡದೆ ಇದೆ. ತೊಂದರೆ ಶುರುವಾಗಿ ಆರು ತಿಂಗಳು ದಾಟಿದೆ. ಕೆಲಸಕ್ಕೆ ಹೋಗ್ತಿರಲಿಲ್ಲ. ಕುಡಿತ, ಮಾದಕ ವಸ್ತು ಇಲ್ಲ. ಬೇರೆ ದೈಹಿಕ ಕಾಯಿಲೆ…”

“ಕೆಲಸಕ್ಕೆ ಹೋಗದೆ ಮನೇಲಿ ಏನು ಮಾಡ್ತಿದ್ಳು?”

ಅವನು ಕಣ್ಣು ಮಿಟುಕಿಸಿದ. ಎಲ್ಲಿದ್ದೆ ಎಂದು ಹುಡುಕಿದ. ಸಿಗಲಿಲ್ಲ.

“ಅವಳಿಗೆ ಎರಡು ದನಿ ಕೇಳುತ್ತೆ,” ಎಂದು ಮೊದಲಿನಿಂದ ಶುರು ಮಾಡಿದ.

“ಗಂಡು ದನಿಯಾ, ಹೆಣ್ಣು ದನಿಯಾ?”

“ಅಂದ್ರೆ?”

“ನಿಮ್ಮ ತಂಗಿಗೆ ಕೇಳೋ ಎರಡು ದನಿ. ಎರಡೂ ಗಂಡಸಿನದ್ದಾ? ಒಂದೊಂದಾ?”

“ಅದು… ಅದು ಹೇಳಿಲ್ಲ.”

“ಯಾರು ಹೇಳಿಲ್ಲ?”

“ಅವಳು.”

“ಅವಳಾ, ಹೇಳಿಕೊಟ್ಟವರಾ?”

ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು, ಟೈಲರಮ್ಮನ ಅತ್ತಿಗೆ ಕಿವಿಗೊಟ್ಟಿದ್ದಳು.

ಉಡ ಮೇಜಿನ ತುದಿಗೆ ಬಂದು ನಿಂತಳು. “ನೋಡಪ್ಪ, ಯಾವ ಅಣ್ಣನೂ ತಂಗಿ ಬಗ್ಗೆ ಮಾತಾಡುವಾಗ ‘ಮಾದಕ ವಸ್ತು ಇಲ್ಲ’ ಅನ್ನಲ್ಲ. ಇದು ಡಾಕ್ಟರ ಬಾಯಿ, ನಿನ್ನ ನಾಲಿಗೆ ಬಾಡಿಗೆಗೆ ತಗೊಂಡಿದೆ. ಮೊದಲು ಲಕ್ಷಣ, ಆಮೇಲೆ ಎಷ್ಟು ಕಾಲ, ಆಮೇಲೆ ಕೆಲಸ, ಆಮೇಲೆ ಕುಡಿತ. ಪುಸ್ತಕ ಇದೇ ಸಾಲಿನಲ್ಲಿ ಹೋಗುತ್ತೆ. ಮನುಷ್ಯರು ಹೋಗಲ್ಲ. ಈ ಪಾಠ ನಂಗೆ ಬೆಳಗ್ಗೆ ತಾನೇ ಆಗಿದೆ, ಒಳ್ಳೇ ಮೇಷ್ಟ್ರಿಂದ.”

“ನಾನು ಅವಳ ಒಳ್ಳೇದಕ್ಕೇ…”

“ಗಿಳಿಪಾಠ ಬಿಡು. ನೀನೇ ನಿನ್ನ ಕಣ್ಣಾರೆ ಕಂಡದ್ದು ಒಂದು ಹೇಳು. ಒಂದೇ ಒಂದು. ಅಮ್ಮ ಹೋದ ಮೇಲೆ ಅವಳು ಹೇಗಿದ್ಳು?”

ಅಣ್ಣ ಮೇಜಿನ ಮೇಲಿದ್ದ ಕನ್ನಡಿಯನ್ನು ನೋಡಿದ. ಅದರಲ್ಲಿ ಅವನದೇ ಮುಖ, ಈಗಷ್ಟೇ ಎಳೆದ ಗೀರು ಹಣೆಯ ಮೇಲೆ ಹಾದು ಹೋಗಿತ್ತು.

“ಸಂಜೆ ಆದ್ರೆ ಮಹಡಿಗೆ ಹೋಗೋಳು,” ಎಂದ. ದನಿ ಬೇರೆಯಾಗಿತ್ತು. “ಒಣಗಿದ ಬಟ್ಟೆ ತರೋಕೆ. ತಂತಿ ಮೇಲೆ ಬಟ್ಟೆನೇ ಇರ್ತಿರಲಿಲ್ಲ. ಸುಮ್ನೆ ತಂತಿ ಹಿಡ್ಕೊಂಡು ನಿಂತಿರೋಳು. ಬೈದು ಕರ್ಕೊಂಡು ಬರೋಣ ಅಂತ ಒಂದಿನ ನಾನೂ ಹೋದೆ. ಹೋದವನು ನಾನೂ ತಂತಿ ಹಿಡ್ಕೊಂಡು ನಿಂತೆ. ಕತ್ತಲಾಗೋ ತನಕ ಇಬ್ಬರೂ ನಿಂತಿದ್ವಿ.”

ಹಿಂದಿನ ಕೋಣೆಯಿಂದ ಅತ್ತಿಗೆ ಮೂಗು ಸೇದಿದ ಸದ್ದು ಬಂತು.

“ಇದನ್ನ ಯಾಕೆ ಹೇಳಲಿಲ್ಲ ಮಂಡಳಿಗೆ?”

“ಹೇಳ್ತೀನಿ ಅಂದೆ. ಅದು ಪುಸ್ತಕದಲ್ಲಿ ಇಲ್ಲ ಅಂದ್ರು.”

ಒಂದು ಮನೆಯ ಮಹಡಿ, ಒಂದು ಖಾಲಿ ತಂತಿ, ಅದನ್ನು ಹಿಡಿದು ನಿಂತ ಅಣ್ಣತಂಗಿ. ಇಷ್ಟನ್ನೂ ಒರೆಸಿ ಹಾಕಿ ಅದರ ಮೇಲೆ ಎರಡು ಸುಳ್ಳು ದನಿ ಬರೆದಿದ್ದಾರೆ. ಆ ಕೈಗೆ ಕೋಳ ತೊಡಿಸಿಯೇ ತೊಡಿಸುತ್ತೇನೆ ಎಂದುಕೊಂಡಳು. ಗೆಲುವು ನಾಲಿಗೆಯ ತುದಿಯಲ್ಲಿತ್ತು.

“ಯಾರು ಅಂದ್ರು?”

“ಕೆಟ್ಟವರಲ್ಲ ಮೇಡಂ. ತಾವಾಗಿ ಅಂಗಡಿಗೆ ಬಂದ್ರು. ‘ನಿನ್ನ ತಂಗಿ ಏನೋ ಕಂಡೆ ಅಂತಿದ್ದಾಳೆ, ಪೊಲೀಸು, ಕೋರ್ಟು ಅಂತ ಎಳೆದಾಡಿ ಸಾಯಿಸಿಬಿಡ್ತಾರೆ, ಈ ಹೆಸರು ಬಿದ್ರೆ ಅವಳನ್ನ ಯಾರೂ ಮುಟ್ಟೋ ಹಾಗಿಲ್ಲ’ ಅಂದ್ರು. ಅವಳನ್ನ ಉಳಿಸ್ತಿದ್ದೀನಿ ಅಂತಲೇ ನಾನು…”

“ಚಿಕ್ಕ ಡಾಕ್ಟರು ತಾನೆ? ಕಡ್ಡಿ ಥರ ಇದ್ದಾನಲ್ಲ?”

ಅಣ್ಣ ಮುಖ ಗಂಟಿಕ್ಕಿದ. “ಯಾವ ಕಡ್ಡಿ? ಇವರು ವಯಸ್ಸಾದವರು. ನನ್ನ ತಾತ ಇದ್ದ ಹಾಗಿದ್ರು. ಎಷ್ಟು ತಾಳ್ಮೆ ಅಂತೀರಿ, ನಾನು ತಪ್ಪಿದಾಗೆಲ್ಲ ಮೊದಲಿಂದ ಹೇಳಿಸಿದ್ರು. ಊಟ ಬಿಟ್ಟಿದ್ದು, ಅತ್ತಿದ್ದು, ಅದೂ ಸೇರಿಸ್ಲಾ ಅಂತ ಕೇಳಿದೆ. ಈ ಕನ್ನಡಿಗೆ ಹೀಗೆ ಬೆರಳು ಕುಟ್ಟಿ, ‘ಬೇರೇನೂ ಬೇಡ, ಅದು ಒಂದೇ ಸಾಕು’ ಅಂದ್ರು.”

ಹೇಳುತ್ತ ಹೇಳುತ್ತ ಅವನ ಕೈ ತಾನಾಗಿ ಮೇಲೆ ಬಂತು. ಬೆರಳಿನಿಂದ ಕನ್ನಡಿಯನ್ನು ಮೆಲ್ಲಗೆ ಕುಟ್ಟಿದ. ಆಮೇಲೆ, ಆ ಮುದುಕರನ್ನು ಅಣಕಿಸುವವನ ಹಾಗೆ, ಹೆಬ್ಬೆರಳನ್ನು ಉಳಿದ ಬೆರಳ ತುದಿಗಳಿಗೆ ಒಂದೊಂದಾಗಿ ಉಜ್ಜಿದ.

ಗೋಡೆಯ ಕನ್ನಡಿಗಳಲ್ಲೆಲ್ಲ ಏಳೆಂಟು ಕೈಗಳು ಇಲ್ಲದ ಸೀಮೆಸುಣ್ಣವನ್ನು ಉದುರಿಸಿದವು.

ಇದನ್ನು ಉಡ ಬೆಳಗ್ಗೆಯೇ ಕಂಡಿದ್ದಳು, ಕರಿಹಲಗೆಯ ಮುಂದೆ.

ಚಿಕ್ಕ ಡಾಕ್ಟರು ಹೊಸ ಪುಸ್ತಕದವನು. ಅವನೇ ಹೇಳಿಕೊಟ್ಟಿದ್ದರೆ ಎರಡು ಲಕ್ಷಣ ಹೇಳಿಕೊಡುತ್ತಿದ್ದ. ಒಂದೇ ಸಾಕು ಎಂದು ನಂಬುವವರು ಹಳೆಯ ಪುಸ್ತಕವನ್ನು ಬಾಯಿಪಾಠ ಮಾಡಿ, ಅದೇ ಕೊನೆ ಎಂದು ಮುಚ್ಚಿಟ್ಟವರು. ಹಿಂದಿನ ಕಟ್ಟಡದಲ್ಲಿ ಕೂದಲು ಬೆಳ್ಳಗಾದವರಿಗೆಲ್ಲ ಆ ಒಂದೇ ಲಕ್ಷಣದ ಮೇಲೆ ಹೆಸರು ಬರೆದವರು. ದೊಡ್ಡ ಡಾಕ್ಟರು ಅಳಿಸಲು ಹೊರಟದ್ದು ಅವರ ಬರಹವನ್ನು.

ಅವರ ಮುಂದೆ ಕಿಟಕಿಯ ಕಟ್ಟೆಯ ಮೇಲೆ ಕೂತು, ಸಾಕ್ಷಿ ಕೈ ಗುರುತು ಹಿಡಿಯುತ್ತಾಳೆ ಎಂದು ಹೇಳಿದ್ದು ಯಾರು? ಬೇಡ ಬೇಡ ಎಂದವರ ಮನೆಗೆ ಅವಳನ್ನು ತಳ್ಳಿದ್ದು ಯಾರು?

ಉಡ ಫೋನು ತೆಗೆದು ವಾರ್ಡಿಗೆ ಕರೆ ಮಾಡಿದಳು.

“ಸಿಸ್ಟರ್, ಟೈಲರಮ್ಮನ್ನ ಕಳಿಸಬೇಡಿ. ಕೇಳಿಸ್ತಾ? ಯಾರ ಜತೆನೂ ಕಳಿಸಬೇಡಿ.”

“ಅಯ್ಯೋ, ಆಗ್ಲೇ ಹೋದ್ರಲ್ಲ ಮೇಡಂ. ಮೇಷ್ಟ್ರೇ ಖುದ್ದು ಕಾರು ತಂದಿದ್ರು. ನೀವೇ ಹೇಳಿದ್ರಲ್ಲ, ಅವರ ಕೈಗೆ ಮಾತ್ರ ಕಳಿಸಿ ಅಂತ.”

“ಕಾರಾ? ಮನೆ ಹಿಂದಿನ ರಸ್ತೇಲಿದೆ, ಕಾರು ಯಾಕೆ?”

“ಅದೇ ನಂಗೂ ಅನ್ನಿಸ್ತು. ದೊಡ್ಡೋರನ್ನ ಹೇಗೆ ಕೇಳೋದು ಅಂತ ಸುಮ್ನಾದೆ.”

“ಯಾವ ಕಡೆ ಹೋಯ್ತು?”

“ಮನೆ ಕಡೆ ತಿರುಗಲಿಲ್ಲ. ದೊಡ್ಡ ರಸ್ತೆಗೆ ಹೋಯ್ತು.”

ಉಡ ಆಗಲೇ ಅಂಗಡಿಯ ಮೆಟ್ಟಿಲಿಳಿದು ಬೀದಿಯಲ್ಲಿದ್ದಳು. ಹಿಂದಿನಿಂದ ಅಣ್ಣ ಏನೋ ಕೂಗುತ್ತ ಓಡಿ ಬರುತ್ತಿದ್ದ. “ಅವಳು ಏನಾದ್ರೂ ಅಂದ್ಳಾ? ಹೋಗುವಾಗ?” ಎಂದಳು ಉಡ ಫೋನಿಗೆ.

“ಏನಿಲ್ಲ ಮೇಡಂ, ಇವತ್ತು ಅವಳ ಕಾಯಿಲೆ ಸ್ವಲ್ಪ ಜಾಸ್ತಿನೇ ಇತ್ತು. ಹತ್ತಿ ಕೂತ್ಳು. ಬಾಗಿಲು ಹಾಕೋಕೆ ಮೇಷ್ಟ್ರು ಕೈ ಚಾಚಿದ್ರು, ಇವಳು ಆ ಕೈನೇ ನೋಡ್ತಾ ನೋಡ್ತಾ ಬಿಳಿಚಿಕೊಂಡ್ಳು. ಕಾರು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ ಕೂಗಿದ್ಳು. ‘ಮೇಡಂಗೆ ಹೇಳಿ, ಕೈ ಸಿಕ್ತು! ಕೈ ಸಿಕ್ತು!’ ಅಂತ. ತಲೆ ಬುಡ ಇಲ್ಲದ ಮಾತು. ನಾಳೆ ಮಂಡಳಿಗೆ ಬೇಕಾಗುತ್ತಲ್ಲ, ಅದನ್ನೂ ಲಕ್ಷಣ ಅಂತ ಬರೆದಿಟ್ಟಿದ್ದೀನಿ.”